ಹೊಳಪು ಯಾರ ಕೈಯದು?

ಮನೆಯ ಸಾಮಾನುಗಳಿಂದ ಅದರ ಯಜಮಾನರ ಬಗ್ಗೆ ಎರಡು ಬಗೆಯ ಸಂಗತಿ ತಿಳಿಯುತ್ತದೆ. ಏನೇನಿದೆ ಎಂಬುದು ಅವರ ಹಣಕಾಸನ್ನೂ ಆಸೆಯನ್ನೂ ಹೇಳಿದರೆ, ಇದ್ದದ್ದು ಹೇಗಿದೆ ಎಂಬುದು ಅಭ್ಯಾಸವನ್ನು ಹೇಳುತ್ತದೆ. ಸಾಲ ಮಾಡಿಯಾದರೂ ಒಂದೇ ದಿನದಲ್ಲಿ ಮನೆ ತುಂಬ ಸಾಮಾನು ತರಬಹುದು. ಅಭ್ಯಾಸವನ್ನು ಹಾಗೆ ತರಲಾಗದು.

ಸಾಮಾನು ಇರುವ ಜಾಗವೂ ಮುಖ್ಯ. ಪಡಸಾಲೆಯ ಶೋಕೇಸಿನಲ್ಲಿರುವ ಗೊಂಬೆ, ಪದಕ, ಪಿಂಗಾಣಿ ಕಪ್ಪುಗಳು ಬಂದವರ ಕಣ್ಣಿಗೆಂದೇ ಜೋಡಿಸಿದವು. ಮನೆಯವರು ನಾಲ್ಕು ಜನರ ಮುಂದೆ ಹೇಗೆ ಕಾಣಲು ಬಯಸುತ್ತಾರೆ ಎಂಬುದಷ್ಟೇ ಅವುಗಳಿಂದ ತಿಳಿಯುತ್ತದೆ. ನಿತ್ಯದ ನಡೆ ಗೊತ್ತಾಗುವುದು ಅಡುಗೆಮನೆ, ಬಚ್ಚಲು, ಅಟ್ಟಗಳಲ್ಲಿ.

ಬೀಡಿನ ದೋಸೆ ಕಾವಲಿ ಇದಕ್ಕೆ ಒಳ್ಳೆಯ ಉದಾಹರಣೆ. ದೋಸೆ ಸಲೀಸಾಗಿ ಏಳಬೇಕಾದರೆ ಎಣ್ಣೆ ಕಾದು ಕಾದು ಅದರ ಮೇಲೆ ನುಣುಪಾದ ಕಪ್ಪು ಪದರ ಕಟ್ಟಿರಬೇಕು. ಉಕ್ಕಿನ ನಾರು ಹಿಡಿದು ಗಸಗಸ ತಿಕ್ಕಿದರೆ ಪದರ ಹೋಯಿತು, ಒದ್ದೆಯಾಗಿ ಬಿಟ್ಟರೆ ತುಕ್ಕು ಬಂತು. ಕಾವಲಿಯನ್ನು ಪಳಗಿಸಿದ ಮನೆಯಲ್ಲಿ ಅದರ ಮೇಲೆ ಚಪಾತಿ ಬೇಯಿಸುವುದಿಲ್ಲ. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಸವರುತ್ತಾರೆ, ಕೆಲಸ ಮುಗಿದ ಮೇಲೆ ಒರೆಸಿ ಎತ್ತಿಡುತ್ತಾರೆ. ಒಂದು ದಿನದ ಉತ್ಸಾಹದಿಂದ ಆಗುವ ಕೆಲಸವಲ್ಲ ಇದು.

ಹಿತ್ತಾಳೆ ಪಾತ್ರೆ ಇನ್ನೊಂದು ಬಗೆ. ಹುಣಸೆಹಣ್ಣು ಹಚ್ಚಿ ಹೊರಮೈಯನ್ನು ಫಳಫಳ ಹೊಳೆಸಲು ಹಬ್ಬದ ಹಿಂದಿನ ದಿನ ಸಾಕು. ಒಳಮೈಯ ಕಲಾಯಿಯ ಮಾತು ಬೇರೆ. ಪಾತ್ರೆ ಕಾಯಿಸಿ, ನವಸಾಗರ ಹಾಕಿ, ತವರ ಸವರಿದ ಆ ಲೇಪ ಬಳಸಿದಂತೆಲ್ಲ ಸವೆಯುತ್ತದೆ. ಸವೆದ ಪಾತ್ರೆಯಲ್ಲಿ ಸಾರು, ಮಜ್ಜಿಗೆ ಇಟ್ಟರೆ ಹುಳಿ ಲೋಹವನ್ನು ತಿಂದು ಕಿಲುಬು ಏಳುತ್ತದೆ. ಹೊರಗೆ ಮಿರುಗುವ, ಒಳಗೆ ಕಲಾಯಿ ಹೋದ ಪಾತ್ರೆ ಆ ಮನೆಯಲ್ಲಿ ಯಾವುದಕ್ಕೆ ಬೆಲೆ ಹೆಚ್ಚು ಎಂದು ಹೇಳುತ್ತದೆ.

ಜೋಪಾನವೂ ಅತಿಯಾಗುವುದುಂಟು. ಮದುವೆಯಲ್ಲಿ ಬಂದ, ಹೆಸರು ಕೊರೆಸಿದ ಸ್ಟೀಲ್ ಪಾತ್ರೆಗಳು ಮೂವತ್ತು ವರ್ಷ ಅಟ್ಟದಿಂದ ಇಳಿಯದಿದ್ದರೆ, ಸೋಫಾದ ಪ್ಲಾಸ್ಟಿಕ್ ಹೊದಿಕೆ ತೆಗೆಯದೆ ಕೂತರೆ, ಅದು ವಸ್ತುವಿನ ಮೇಲಿನ ಪ್ರೀತಿಗಿಂತ ಕಳೆದುಕೊಳ್ಳುವ ಭಯ. ಉತ್ತರ ಕರ್ನಾಟಕದ ಕೌದಿಯದು ಇದಕ್ಕೆ ತದ್ವಿರುದ್ಧ ದಾರಿ. ಉಟ್ಟು ಹಳತಾದ ಸೀರೆಗಳನ್ನು ಪದರ ಪದರವಾಗಿ ಹಾಸಿ ಹೊಲಿದಾಗ ಬಟ್ಟೆ ಎರಡನೆಯ ಆಯುಷ್ಯ ಪಡೆಯುತ್ತದೆ. ಪೂರ್ತಿ ಬಳಸುವುದೂ ಜೋಪಾನವೇ.

ಇಂಥ ಕುರುಹುಗಳನ್ನು ಮನಶ್ಶಾಸ್ತ್ರವೂ ಪರೀಕ್ಷಿಸಿದೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಸ್ಯಾಮ್ ಗೋಸ್ಲಿಂಗ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರಿಗೆ ಕೆಲವರ ಮಲಗುವ ಕೋಣೆ, ಕಚೇರಿಗಳನ್ನಷ್ಟೇ ತೋರಿಸಿ ಅಲ್ಲಿರುವವರ ಸ್ವಭಾವ ಊಹಿಸಲು ಹೇಳಲಾಯಿತು. ಮಲಗುವ ಕೋಣೆ ನೋಡಿದವರಿಗೆ ಎಲ್ಲಕ್ಕಿಂತ ಚೆನ್ನಾಗಿ ಸಿಕ್ಕಿದ್ದು ಹೊಸತಿನ ಕುರಿತ ಕುತೂಹಲ. ಅಚ್ಚುಕಟ್ಟುತನವೂ ಒಂದಿಷ್ಟು ತಿಳಿಯಿತು. ಹೊಂದಿಕೊಳ್ಳುವ, ಸ್ನೇಹದ ಗುಣ ಮಾತ್ರ ಸರಿಯಾಗಿ ಕೈಗೆ ಸಿಗಲಿಲ್ಲ. ಜೋಡಿಸಿಟ್ಟ ಕಪಾಟು ಶಿಸ್ತಿಗೆ ಪುರಾವೆಯಾದೀತು, ಒಳ್ಳೆಯತನಕ್ಕಲ್ಲ.

ಅಷ್ಟಕ್ಕೂ ಸಾಮಾನು ಒಬ್ಬರದಾಗಿ ಜೋಪಾನ ಇನ್ನೊಬ್ಬರದಾಗಿರುವ ಮನೆಗಳೇ ಹೆಚ್ಚು. ಯಜಮಾನರ ಇಸ್ತ್ರಿ ಮಾಡಿದ ಅಂಗಿ, ಧೂಳಿಲ್ಲದ ಪುಸ್ತಕದ ಕಪಾಟು ಹೆಂಡತಿಯದೋ ಕೆಲಸದವರದೋ ದುಡಿಮೆಯಾಗಿರಬಹುದು. ಎರಡು ಪಾಳಿ ದುಡಿದು ಬರುವವರ ಬಾಡಿಗೆ ಮನೆಯ ಅಸ್ತವ್ಯಸ್ತ ಸ್ಥಿತಿ ಸೋಮಾರಿತನದ ಗುರುತಲ್ಲ, ಅಲ್ಲಿ ಪುರುಸೊತ್ತಿಲ್ಲ. ಸೋರುವ ಸೂರನ್ನು ಸರಿಪಡಿಸಬೇಕಾದವರು ಮನೆ ಮಾಲೀಕರೇ ಇರಬಹುದು. ಹೀಗಾಗಿ ವಸ್ತು ನೋಡಿ ವ್ಯಕ್ತಿಯನ್ನು ಅಳೆಯುವವರು ಮೊದಲು ಅದನ್ನು ತೊಳೆದು ಒರೆಸಿ ಇಟ್ಟ ಕೈ ಯಾರದೆಂದು ವಿಚಾರಿಸಬೇಕು. ಸ್ವಭಾವ ತಿಳಿಯುವುದು ಆ ಕೈಯವರದು. ಒಡೆಯರು ತಾವು ಬಳಸಿದ್ದನ್ನು ಸದಾ ಇನ್ನೊಬ್ಬರಿಗೆ ಬಿಟ್ಟೇಳುವವರಾದರೆ, ಅವರ ಬಗ್ಗೆ ತಿಳಿಯುವುದೂ ಅಷ್ಟೇ.