ಬಾಲಿಕೆಯರೂ ಬಿಲ್ವಿದ್ಯೆಯೂ

ಬಳಗಾನೂರಿನ ನಮ್ಮ ಶಾಲೆಯ ಬಯಲಿನಲ್ಲಿ ಬಿಲ್ವಿದ್ಯೆಯ ಗುರಿಗಳು ನಿಂತಂದಿನಿಂದ ಪೋಷಕರಿಂದಲೂ ಹಳೆಯ ವಿದ್ಯಾರ್ಥಿನಿಯರಿಂದಲೂ ಎರಡು ಬಗೆಯ ಮಾತುಗಳು ನಮ್ಮ ಕಿವಿಗೆ ಬೀಳುತ್ತಿವೆ. ಹೆಣ್ಣುಮಕ್ಕಳಿಗೆ ಬಿಲ್ಲುಬಾಣಗಳು ಏತಕ್ಕೆ ಎಂಬುದು ಒಂದು. ಕಲಿಸುವದೇ ಆದರೆ ಪಂದ್ಯಗಳಲ್ಲಿ ಹಿಡಿಯುವಂಥ ದೊಡ್ಡ ಬಿಲ್ಲುಗಳನ್ನು ತರಿಸಿ ಬೇಗನೆ ಪದಕಗಳನ್ನು ಏಕೆ ಗಳಿಸಬಾರದು ಎಂಬುದು ಇನ್ನೊಂದು. ಈ ಸ್ಮರಣ ಸಂಚಿಕೆಯಲ್ಲಿ ಎರಡಕ್ಕೂ ನಮ್ಮ ಅಭಿಪ್ರಾಯವನ್ನು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇವೆ.

ಮೊದಲನೆಯದಕ್ಕೆ ಉತ್ತರವು ದೀರ್ಘವಾಗಬೇಕಾಗಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ. ಒಲಿಂಪಿಕ್ ಪಂದ್ಯಗಳಲ್ಲಿ 1904ರಷ್ಟು ಹಿಂದೆಯೇ ಸ್ತ್ರೀಯರು ಬಾಣ ಬಿಟ್ಟರು. 2010ರಲ್ಲಿ ದಿಲ್ಲಿಯ ಕಾಮನ್‌ವೆಲ್ತ್ ಪಂದ್ಯಗಳಲ್ಲಿ ಬಂಗಾರದ ಪದಕವನ್ನು ಗಳಿಸಿದ ದೀಪಿಕಾ ಕುಮಾರಿಯು ರಾಂಚಿಯ ಕಡೆಯ ಒಬ್ಬ ಆಟೋರಿಕ್ಷಾ ಚಾಲಕರ ಮಗಳು. ನಮ್ಮ ಸೀಮೆಯ ಅಜ್ಜಿಯರಾದರೂ ಎಳೆಯ ವಯಸ್ಸಿನಲ್ಲಿ ಜೋಳದ ಹೊಲದ ಅಟ್ಟವನ್ನೇರಿ ಕವಣೆಯಿಂದ ಹಕ್ಕಿಗಳನ್ನು ಓಡಿಸಿದವರಲ್ಲವೇ? ಗುರಿ ಹಿಡಿಯುವದು ಹೆಣ್ಣಿಗೆ ಹೊಸತೇನೂ ಅಲ್ಲ.

ಎರಡನೆಯ ಮಾತಿನ ವಿಷಯದಲ್ಲಿ ನಾವು ನಮ್ಮ ತಪ್ಪನ್ನೇ ಮೊದಲು ಒಪ್ಪಿಕೊಳ್ಳಬೇಕು. ಆರಂಭದಲ್ಲಿ ನಾವೂ ಎಲ್ಲ ಹುಡುಗಿಯರಿಗೂ ಒಂದೇ ಬಲದ ಬಿಲ್ಲುಗಳನ್ನು ಕೊಟ್ಟೆವು. ಎಂಟನೆಯ ತರಗತಿಯ ಒಬ್ಬ ಹುಡುಗಿಯು ಹೆಗಲನ್ನು ಕಿವಿಯವರೆಗೆ ಏರಿಸಿ, ಬೆನ್ನು ಬಾಗಿಸಿ, ನಡುಗುತ್ತ ಹೆದೆಯನ್ನು ಎಳೆಯುತ್ತಿದ್ದಳು. ಬಾಣಗಳು ದಿಕ್ಕುದಿಕ್ಕಿಗೆ ಹೋಗುತ್ತಿದ್ದವು. ನಾವು ಅವಳಿಗೆ ಗಮನ ಸಾಲದೆಂದು ಗದರಿಸಿದೆವು. ಅವಳು ಬಯಲಿಗೆ ಬರುವದನ್ನೇ ಬಿಟ್ಟಳು. ಎಳೆಗರುವಿನ ಹೆಗಲಿಗೆ ಎತ್ತಿನ ನೊಗವನ್ನು ಹೂಡಿ, ಸಾಲು ಸೊಟ್ಟಾಯಿತೆಂದು ಕರುವನ್ನು ಹೊಡೆದಂತೆ ಆಯಿತು ನಮ್ಮ ನಡತೆ. ಅವಳನ್ನು ಮನೆಯಿಂದ ತಿರುಗಿ ಕರೆತಂದು 16 ಪೌಂಡಿನ ಹಗುರವಾದ ಬಿಲ್ಲನ್ನು ಕೈಗಿತ್ತ ಮೇಲೆಯೇ ನಮಗೆ ಬುದ್ಧಿ ಬಂದಿತು.

ಬಿಲ್ವಿದ್ಯೆಯ ಮೊದಲ ಪಾಠವು ಗುರಿಯಲ್ಲ, ನಿಲುವು. ಪಾದಗಳು ಹೆಗಲಿನಷ್ಟು ಅಗಲಕ್ಕೆ ಊರಿರಬೇಕು, ಹೆಗಲುಗಳು ಏರಬಾರದು. ಬಿಲ್ಲಿನ ಹಿಡಿಯನ್ನು ಮುಷ್ಟಿಯಿಂದ ಬಿಗಿಯದೆ ಹೆಬ್ಬೆರಳಿನ ಬುಡದ ಮೇಲೆ ಒರಗಿಸಿಕೊಳ್ಳಬೇಕು. ಬಿಗಿದರೆ ಬಿಲ್ಲು ತಿರುಚಿ ಬಾಣವು ಓರೆಯಾಗುವದು. ಹೆದೆಯನ್ನು ಬಾಣದ ಮೇಲೆ ಒಂದು, ಕೆಳಗೆ ಎರಡು ಬೆರಳುಗಳಿಂದ ಹಿಡಿದು, ಬೆನ್ನಿನ ಬಲದಿಂದ ಎಳೆಯಬೇಕು. ಕೈಯು ಪ್ರತಿ ಸಲವೂ ದವಡೆಯ ಕೆಳಗೆ ಅದೇ ಎಡೆಯಲ್ಲಿ ನೆಲೆಸಬೇಕು. ಒಲಿಂಪಿಕ್ ಪಂದ್ಯದಲ್ಲಿ ಗುರಿಯು 70 ಮೀಟರು ದೂರದಲ್ಲಿರುವದು. ಅದರ ಹತ್ತು ಅಂಕದ ವೃತ್ತದ ಅಡ್ಡಳತೆ 12.2 ಸೆಂಟಿಮೀಟರು ಮಾತ್ರ. ದವಡೆಯ ಬಳಿ ಎರಡು ಮಿಲಿಮೀಟರಿನ ವ್ಯತ್ಯಾಸವಾದರೆ ಅಷ್ಟು ದೂರದಲ್ಲಿ ಅದು ಸುಮಾರು ಒಂದು ಗೇಣಾಗುವದು. ತನ್ನ ಬಲಕ್ಕೆ ಮೀರಿದ ಬಿಲ್ಲನ್ನು ಹಿಡಿದವಳು ಇವುಗಳಲ್ಲಿ ಒಂದನ್ನೂ ಕಲಿಯಲಾರಳು.

ಹಗುರವಾದ ಬಿಲ್ಲಿನಿಂದ ಆ ಹುಡುಗಿಯ ನಿಲುವು ತಿದ್ದಿತು. ಬಾಣಗಳು ಒಂದೆಡೆ ಗುಂಪಾಗಿ ನಾಟತೊಡಗಿದವು. ಆದರೆ ಆ ಗುಂಪು ನಡುವಿನಿಂದ ಎಡಕ್ಕೆ ಬೀಳುತ್ತಿತ್ತು. ಇಲ್ಲಿ ಒಂದು ವಿವೇಕವನ್ನು ತಿಳಿಯಬೇಕು. ಬಾಣಗಳು ಚದರಿದರೆ ಮೊದಲು ಬಿಲ್ಲಾಳಿನ ನಿಲುವನ್ನು ನೋಡಬೇಕು. ಗುಂಪಾಗಿಯೂ ನಡುವನ್ನು ತಪ್ಪಿದರೆ ಬಿಲ್ಲುಬಾಣಗಳ ಹೊಂದಿಕೆಯನ್ನು ನೋಡಬೇಕು. ಹಿಂದಿನ ಭಾರವಾದ ಬಿಲ್ಲಿಗೆ ತಂದ ಬಾಣಗಳು ಈ ಹಗುರವಾದುದಕ್ಕೆ ಗಡುಸಾಗಿದ್ದವು. ಬಾಣವು ಹೆದೆಯನ್ನು ಬಿಡುವಾಗ ಬಳುಕಿ ಬಿಲ್ಲನ್ನು ದಾಟಬೇಕು. ಸಾಕಷ್ಟು ಬಳುಕದಿದ್ದರೆ ಬಲಗೈಯವಳ ಬಾಣವು ಎಡಕ್ಕೆ ಸರಿಯುವದು.

ವೀಣೆಗೆ ಶ್ರುತಿ ಇರುವಂತೆ ಬಿಲ್ಲಿಗೂ ಶ್ರುತಿಯುಂಟು. ಹೆದೆಯ ತಿರುಚನ್ನು ಹೆಚ್ಚಿಸಿದರೆ ಅದು ಗಿಡ್ಡವಾಗಿ ಹಿಡಿಯಿಂದ ದೂರ ಸರಿಯುವದು. ತಗ್ಗಿಸಿದರೆ ಹತ್ತಿರ ಬರುವದು. ತಕ್ಕ ಅಂತರದಲ್ಲಿ ಬಿಲ್ಲಿನ ಸದ್ದೂ ಅದುರೂ ಕಡಿಮೆಯಾಗುವವು. ಗರಿಗಳುಳ್ಳ ಬಾಣಗಳ ಸಂಗಡ ಗರಿಯಿಲ್ಲದ ಒಂದನ್ನು ಬಿಟ್ಟು ನೋಡುವದು ಒಳ್ಳೆಯ ಪರೀಕ್ಷೆ. ಬಲಗೈಯವಳಿಗೆ ಗರಿಯಿಲ್ಲದ ಬಾಣವು ಉಳಿದವುಗಳಿಂದ ಎಡಕ್ಕೆ ನಾಟಿದರೆ ಬಾಣವು ಗಡುಸು, ಬಲಕ್ಕೆ ನಾಟಿದರೆ ಅತಿ ಬಳುಕು. ಮೇಲೆ ನಾಟಿದರೆ ಹೆದೆಯ ಮೇಲೆ ಬಾಣವನ್ನು ಹೂಡುವ ಎಡೆಯು ತಗ್ಗಿನಲ್ಲಿದೆ, ಕೆಳಗೆ ನಾಟಿದರೆ ಎತ್ತರದಲ್ಲಿದೆ. ಆದರೆ ನಿಲುವೇ ನೆಲೆಗೊಳ್ಳದವಳಿಗೆ ಈ ಪರೀಕ್ಷೆಯು ಸುಳ್ಳು ಹೇಳುವದು. ಆದಕಾರಣ ಬಲಕ್ಕೆ ತಕ್ಕ ಬಿಲ್ಲು ಮೊದಲು, ನಿಲುವು ಅನಂತರ, ಶ್ರುತಿಯು ಕೊನೆಗೆ.

ಸಲಕರಣೆಯು ಮಗುವಿಗೆ ಹೊಂದಿದರೆ ಏನಾಗಬಲ್ಲದೆಂಬುದಕ್ಕೆ ಜಮ್ಮು ಸೀಮೆಯ ಕಿಶ್ತ್ವಾರದ ಶೀತಲ್ ದೇವಿಯೇ ಸಾಕ್ಷಿ. ಹುಟ್ಟಿನಿಂದಲೇ ತೋಳುಗಳಿಲ್ಲದ ಆಕೆಯು ಕಾಲಿನಿಂದ ಬಿಲ್ಲನ್ನು ಹಿಡಿದು ಹೆಗಲಿನಿಂದ ಹೆದೆಯನ್ನು ಎಳೆಯುತ್ತಾಳೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ, ತನ್ನ 17ನೆಯ ವಯಸ್ಸಿನಲ್ಲಿ, ರಾಕೇಶ್ ಕುಮಾರರ ಜೊತೆಗೂಡಿ ಕಂಚಿನ ಪದಕವನ್ನು ಗಳಿಸಿದಳು. ಎಲ್ಲರ ಬಿಲ್ಲನ್ನು ಎಲ್ಲರಂತೆಯೇ ಹಿಡಿಯಬೇಕೆಂದು ಗುರುಗಳು ಹಟ ಹಿಡಿದಿದ್ದರೆ ಆಕೆಯ ಮೊದಲ ಬಾಣವೇ ಹೊರಡುತ್ತಿರಲಿಲ್ಲ.

ಪ್ರಿಯ ಪೋಷಕರೇ, ಹಳೆಯ ವಿದ್ಯಾರ್ಥಿನಿಯರೇ, ಶಾಲೆಗೆ ಸಹಾಯ ಮಾಡಲಿಚ್ಛಿಸುವವರು ಬೆಲೆಯುಳ್ಳ ಒಂದೇ ಬಿಲ್ಲನ್ನು ಕೊಡುವದಕ್ಕಿಂತ, ಬೇರೆ ಬೇರೆ ಬಲದ ಸಾದಾ ಬಿಲ್ಲುಗಳನ್ನೂ ಅವುಗಳಿಗೆ ಒಪ್ಪುವ ಬಾಣಗಳನ್ನೂ ಕೊಡಿರೆಂದು ಬೇಡುತ್ತೇವೆ. ಮನೆಯಲ್ಲಿ ಮಗಳನ್ನು ಎಷ್ಟು ಅಂಕ ಬಂದಿತೆಂದು ಕೇಳುವ ಮೊದಲು, ಹೆಗಲು ನೋಯುತ್ತದೆಯೇ ಎಂದು ಕೇಳಿರಿ. ಲೆಕ್ಕದಲ್ಲಿ ಹಿಂದೆ ಬಿದ್ದವಳ ವಿಷಯದಲ್ಲಿಯೂ, ಓದಿನಲ್ಲಿ ತೊದಲುವವಳ ವಿಷಯದಲ್ಲಿಯೂ, ನಾವು ಈಗ ಗದರಿಸುವ ಮೊದಲು ಅವಳ ಕೈಗೆ ಕೊಟ್ಟ ಬಿಲ್ಲು ಎಂಥದೆಂದು ನೋಡಿಕೊಳ್ಳುತ್ತೇವೆ. ಇದನ್ನು ನಮಗೆ ಕಲಿಸಿದವಳು ಎಂಟನೆಯ ತರಗತಿಯ ಆ ಹುಡುಗಿ.