ಮನೆಯ ವಿಜ್ಞಾನ: ಕೊಳವೆದೀಪವೂ ಅದರ ಸ್ಟಾರ್ಟರೂ

ಹೇಳಿದ ಮಾತು ತಡವಾಗಿ ತಲೆಗೆ ಹತ್ತುವವನನ್ನು ‘ಟ್ಯೂಬ್‌ಲೈಟ್’ ಎಂದು ಪರಿಹಾಸ್ಯಮಾಡುವುದು ನಮ್ಮಲ್ಲಿ ರೂಢಿಯಾಗಿದೆಯಷ್ಟೆ. ವಾಸ್ತವವಾಗಿ ಈ ಅಪವಾದವು ದೀಪಕ್ಕಿಂತಲೂ ಅದರ ಪಕ್ಕದಲ್ಲಿರುವ ಪುಟ್ಟ ಸ್ಟಾರ್ಟರಿಗೇ ಹೆಚ್ಚಾಗಿ ಸಲ್ಲತಕ್ಕುದು. ಇದರ ಗುಣದೋಷಗಳನ್ನು ಅರಿತ ಗೃಹಸ್ಥರಿಗೆ ಹಣದ ಉಳಿತಾಯವುಂಟು.

1938ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಈ ಬಗೆಯ ದೀಪದೊಳಗೆ ಪಾದರಸದ ಆವಿಯಿರುವುದು. ಎರಡು ತುದಿಗಳ ತಂತಿಸುರುಳಿಗಳು ಮೊದಲು ಕಾಯಬೇಕು. ಬಳಿಕ ಚೋಕಿನಿಂದ ವಿದ್ಯುತ್ತಿನ ಬಲವಾದ ಹೊಡೆತವೊಂದು ಬೀಳಬೇಕು. ಆಗಲೇ ಬೆಳಕು. ಈ ಎರಡನ್ನೂ ನಡೆಯಿಸುವುದು ಸ್ಟಾರ್ಟರಿನ ಕೆಲಸ. ಹಳೆಯ ಮಾದರಿಯಲ್ಲಿ ಎರಡು ಲೋಹಗಳನ್ನು ಬೆಸೆದ ಪಟ್ಟಿಯಿದೆ. ಅದು ಕಾದಾಗ ಬಾಗಿ ವಿದ್ಯುತ್ತಿಗೆ ದಾರಿಮಾಡುವುದು, ತಣಿದಾಗ ಹಿಂದೆ ಸರಿದು ದಾರಿಯನ್ನು ಕಡಿಯುವುದು. ಆದರೆ ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 100 ಸಲ ಶೂನ್ಯಕ್ಕಿಳಿದು ಏರತಕ್ಕುದು. ಪಟ್ಟಿಯು ಈ ಲೆಕ್ಕವನ್ನರಿಯದು. ಶೂನ್ಯದ ಸಮೀಪದಲ್ಲಿ ಕಡಿದರೆ ಹೊಡೆತ ಸಾಲದೆ ದೀಪವು ಮಿಣುಕಿ ಆರುವುದು. ಮತ್ತೆ ಪ್ರಯತ್ನ, ಮತ್ತೆ ಮಿಣುಕು. ಸುರುಳಿಯು ಸರಿಯಾಗಿ ಕಾಯದೆ ಹೊಡೆತ ತಿಂದಾಗಲೆಲ್ಲ ಅದರ ಲೇಪನವು ಸಿಡಿದು ಸವೆಯುವುದು. ತುದಿಗಳು ಬೇಗನೆ ಕಪ್ಪಾಗುವುದಕ್ಕೆ ಇದೂ ಕಾರಣ. ಹೀಗೆ ದೀಪದ ಆಯುಷ್ಯವು ಉರಿಯುವುದರಲ್ಲಿ ಮಾತ್ರವಲ್ಲ, ಹೊತ್ತಿಕೊಳ್ಳುವುದರಲ್ಲಿಯೂ ವ್ಯಯವಾಗುವುದು.

ಈ ವ್ಯಯವನ್ನು ತಗ್ಗಿಸಲೆಂದೇ ಎಲೆಕ್ಟ್ರಾನಿಕ್ ಸ್ಟಾರ್ಟರು ಹುಟ್ಟಿತು. ಹಳೆಯ ಡಬ್ಬಿಯ ಅಳತೆಯಲ್ಲಿಯೇ ಅಡಗಿ, ನೂರಾರು ವೋಲ್ಟಿನ ಹೊಡೆತವನ್ನು ತಾಳಬಲ್ಲ ಅರೆವಾಹಕದ ಸ್ವಿಚ್ಚು ಪಟ್ಟಿಯ ಸ್ಥಾನದಲ್ಲಿ ಬಂದಿತು. ಅದು ಸುರುಳಿಗಳನ್ನು ಗೊತ್ತುಪಡಿಸಿದಷ್ಟು ಕಾಲ ಕಾಯಿಸಿ, ವಿದ್ಯುತ್ತು ತಕ್ಕಷ್ಟಿರುವಾಗಲೇ ಕಡಿಯುವುದು. ದೀಪವು ಮಿಣುಕದೆ ಹೊತ್ತುವುದು. ಕೊಳವೆಯು ಸತ್ತಿದ್ದರೆ ಹಳೆಯ ಸ್ಟಾರ್ಟರು ಚೋಕನ್ನು ಕಾಯಿಸುತ್ತ ರಾತ್ರಿಯೆಲ್ಲ ಮಿಣುಕಿಸುವುದು. ಒಳ್ಳೆಯ ಎಲೆಕ್ಟ್ರಾನಿಕ್ ಸ್ಟಾರ್ಟರಾದರೋ ಸ್ವಲ್ಪ ಯತ್ನಿಸಿ ಸುಮ್ಮನಾಗುವುದು.

ಈಗ ಎಲ್‌ಇಡಿ ದೀಪಗಳ ಕಾಲ. ಆದರೂ ಚೆನ್ನಾಗಿರುವ ಕೊಳವೆಯನ್ನು ಎಸೆಯುವುದು ವಿವೇಕವಲ್ಲ; ಒಡೆದರೆ ಪಾದರಸವು ಹೊರಬೀಳುವುದು. ಭಾರವಾದ ಹಳೆಯ ಚೋಕಿರುವ ದೀಪವನ್ನು ದಿನಕ್ಕೆ ಹಲವು ಸಲ ಹಾಕಿ ಆರಿಸುವ ಅಡಿಗೆಮನೆಯಲ್ಲಿಯೂ ಬಚ್ಚಲಲ್ಲಿಯೂ ಎಲೆಕ್ಟ್ರಾನಿಕ್ ಸ್ಟಾರ್ಟರು ಮೊದಲು ಸೇರಲಿ. ಸ್ವಿಚ್ಚನ್ನು ಆರಿಸಿಯೇ ಅದನ್ನು ಬದಲಾಯಿಸತಕ್ಕುದು. ಹಳೆಯ ಪಟ್ಟಿಗೇ ಎಲ್‌ಇಡಿ ಕೊಳವೆಯನ್ನು ಹಾಕುವವರು ಅದರೊಡನೆ ಕೊಟ್ಟ ಸ್ಟಾರ್ಟರನ್ನೇ ಬಳಸತಕ್ಕುದು. ಮಿಣುಕುವ ದೀಪದಡಿಯಲ್ಲಿ ಮಕ್ಕಳನ್ನು ಓದಲು ಕೂರಿಸುವ ಮನೆಯವರು ಇಂದೇ ಆ ಸಣ್ಣ ಡಬ್ಬಿಯತ್ತ ದೃಷ್ಟಿಹರಿಸಬೇಕೆಂದು ನಾವು ಕೋರುತ್ತೇವೆ.