ಕಿವುಡುತನವೂ ಅಳತೆಯೂ

ಕಿವಿ ಮಂದವಾಯಿತೆಂದರೆ ನಮ್ಮ ಜನರು ಸಾಮಾನ್ಯವಾಗಿ ಹೇಳುವ ಕಾರಣಗಳು ಎರಡು: ಗುಗ್ಗೆ ತುಂಬಿದೆ, ಇಲ್ಲವೆ ವಯಸ್ಸಾಯಿತು. ಈ ಎರಡಕ್ಕೂ ಸೇರದ ಬಗೆಯೊಂದುಂಟು. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಒಳಗಿವಿಯ ಅಂಗಾಂಶವನ್ನು ಪರಕೀಯವೆಂದು ಬಗೆದು ಅದರ ಮೇಲೆ ಎರಗುವುದು. ಅಮೆರಿಕದ ವೈದ್ಯ ಬ್ರಯನ್ ಮೆಕೇಬ್ ಅವರು 1979ರಲ್ಲಿ ಇಂಥ 18 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿ, ಇದೊಂದು ಪ್ರತ್ಯೇಕ ವ್ಯಾಧಿಯೆಂದು ಪ್ರತಿಪಾದಿಸಿದರು. ವ್ಯಾಧಿ ವಿರಳ, ಆದರೆ ಒಳಗಿವಿಯ ಕಿವುಡುತನಗಳಲ್ಲಿ ಔಷಧದಿಂದ ಹಿಮ್ಮೆಟ್ಟಿಸಬಹುದಾದ ಕೆಲವೇ ಬಗೆಗಳಲ್ಲಿ ಇದೂ ಒಂದು. ಆದಕಾರಣ ಇದನ್ನು ಗುರುತಿಸದೆ ಕಳೆದ ಪ್ರತಿಯೊಂದು ವಾರವೂ ನಷ್ಟವೇ.

ಗುರುತಿಸುವುದು ಸುಲಭವಲ್ಲ. ಯಕೃತ್ತಿಗೆ ರೋಗ ತಗುಲಿದರೆ ಅದರ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬಹುದು. ಒಳಗಿವಿಯಾದರೋ ಗಟ್ಟಿಯಾದ ಮೂಳೆಯೊಳಗೆ, ದ್ರವದಲ್ಲಿ ಮುಳುಗಿದೆ; ಚೂರನ್ನು ತೆಗೆಯಹೋದರೆ ಉಳಿದ ಶ್ರವಣಶಕ್ತಿಯೂ ಹೋದೀತು. ರಕ್ತಪರೀಕ್ಷೆಗಳಿವೆ; ಆದರೆ ಇದೇ ವ್ಯಾಧಿಯೆಂದು ನಿಶ್ಚಯವಾಗಿ ಹೇಳಬಲ್ಲ ಪರೀಕ್ಷೆ ಅವುಗಳಲ್ಲಿಲ್ಲ. ಎಂ.ಆರ್.ಐ. ಚಿತ್ರವು ಶ್ರವಣನರದ ಮೇಲೆ ಗಡ್ಡೆಯಿಲ್ಲವೆಂದು ಖಚಿತಪಡಿಸಿಕೊಳ್ಳಲು ನೆರವಾಗುತ್ತದೆ, ಅಷ್ಟೆ.

ಹೀಗಾಗಿ ವೈದ್ಯನು ಭೌತವಿಜ್ಞಾನದ ಮೊರೆಹೋಗಬೇಕಾಗುತ್ತದೆ. ಸೆಕೆಂಡಿಗೆ 512 ಸಲ ಕಂಪಿಸುವ ಶ್ರುತಿಕವೆಯನ್ನು ಕಿವಿಯ ಬಳಿಯೂ ಅದರ ಹಿಂದಣ ಮೂಳೆಯ ಮೇಲೂ ಹಿಡಿದು ಹೋಲಿಸಿದರೆ, ದೋಷ ಧ್ವನಿ ಸಾಗುವ ದಾರಿಯಲ್ಲಿದೆಯೋ ಒಳಗಿವಿಯಲ್ಲಿದೆಯೋ ಎಂಬ ಸುಳಿವು ದೊರೆಯುತ್ತದೆ. ಅನಂತರ ಆಡಿಯೋಮೀಟರು 250ರಿಂದ 8000 ಹರ್ಟ್ಸ್‌ವರೆಗಿನ ಆವೃತ್ತಿಗಳಲ್ಲಿ ಕೇಳಿಸುವ ಕನಿಷ್ಠ ಧ್ವನಿಯನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತದೆ. 30 ಡೆಸಿಬೆಲ್ ನಷ್ಟವೆಂದರೆ, ಕೇಳಿಸಲು 1000 ಪಟ್ಟು ತೀವ್ರತೆಯ ಧ್ವನಿ ಬೇಕೆಂದರ್ಥ.

ಈ ವ್ಯಾಧಿಯ ನಿಜವಾದ ಗುರುತು ನಷ್ಟದ ಪ್ರಮಾಣಕ್ಕಿಂತ ಅದರ ವೇಗದಲ್ಲಿದೆ. ಹಠಾತ್ ಕಿವುಡುತನ 3 ದಿನಗಳೊಳಗೆ ಬರುತ್ತದೆ. ವೃದ್ಧಾಪ್ಯದ್ದು ವರ್ಷಗಟ್ಟಲೆ ಹಿಡಿಯುತ್ತದೆ. ಇದು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ, ಸಾಮಾನ್ಯವಾಗಿ ಎರಡೂ ಕಿವಿಗಳಲ್ಲಿ, ಅಸಮವಾಗಿ ಬೆಳೆಯುತ್ತದೆ. ಒಂದೇ ವೀಕ್ಷಣೆಯಿಂದ ವೇಗವನ್ನು ಕಂಡುಹಿಡಿಯಲಾಗದೆಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲನು. ಒಂದು ನಕ್ಷೆ ಶ್ರವಣಶಕ್ತಿ ಎಲ್ಲಿದೆಯೆಂದು ಹೇಳೀತೇ ಹೊರತು ಎತ್ತ ಸಾಗುತ್ತಿದೆಯೆಂದು ಹೇಳಲಾರದು.

ಸಂದೇಹ ಬಲವಾದಾಗ ವೈದ್ಯನು ಸ್ಟೆರಾಯ್ಡ್ ಔಷಧವನ್ನು ಕೆಲವು ವಾರ ಕೊಟ್ಟು ಮತ್ತೆ ಅಳೆಯುತ್ತಾನೆ; ಶ್ರವಣ ಸುಧಾರಿಸಿದರೆ ಸಂದೇಹಕ್ಕೆ ಪುಷ್ಟಿ ದೊರೆಯುತ್ತದೆ. ಚಿಕಿತ್ಸೆಯನ್ನೇ ಪುರಾವೆಯಾಗಿಸುವುದು ತರ್ಕಸಮ್ಮತವೇ ಎಂದು ಕೇಳಬಹುದು. ಪೂರ್ಣವಾಗಿ ಅಲ್ಲ. ಇತರ ಕೆಲವು ದೋಷಗಳೂ ಇದೇ ಔಷಧಕ್ಕೆ ಮಣಿಯುತ್ತವೆ. ದೀರ್ಘಕಾಲ ಸೇವಿಸಿದರೆ ಅದು ಮೂಳೆಗಳನ್ನು ದುರ್ಬಲಗೊಳಿಸುತ್ತದೆ, ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಅದಕ್ಕೆ ಬದಲಾಗಿ ಮೆಥೊಟ್ರೆಕ್ಸೇಟ್ ಬಳಸಬಹುದೆಂಬ ಆಸೆಯೂ ಫಲಿಸಲಿಲ್ಲ: ಗಳಿಸಿದ ಸುಧಾರಣೆಯನ್ನು ಉಳಿಸುವುದರಲ್ಲಿ ಅದು ಹುಸಿಗುಳಿಗೆಗಿಂತ ಮೇಲಲ್ಲವೆಂದು 2003ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಸಾಧನ ಇಷ್ಟು ಅಪೂರ್ಣವಾಗಿರುವಾಗ ಅಳತೆಯಾದರೂ ಕರಾರುವಾಕ್ಕಾಗಿರಬೇಡವೆ?

ಶ್ರವಣಪರೀಕ್ಷೆಯನ್ನು ಒಮ್ಮೆ ಮಾಡಿಸಿ ಮುಗಿಸುವ ಶಾಸ್ತ್ರವೆಂದು ಭಾವಿಸುವುದನ್ನು ನಾವು ಬಿಡಬೇಕು. ಕೆಲವು ವಾರಗಳಿಂದ ಕಿವಿ ಮಂದವಾಗುತ್ತಿದೆಯೆಂದು ಮನೆಯಲ್ಲಿ ಯಾರಾದರೂ ಹೇಳಿದರೆ, ಎಣ್ಣೆ ಬಿಟ್ಟು ಕಾಯುತ್ತ ಕೂರದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಪರೀಕ್ಷೆಯ ನಕ್ಷೆಯನ್ನು ಜೋಪಾನವಾಗಿಡಿ. ವೈದ್ಯರು ಹೇಳಿದ ದಿನ ಮತ್ತೊಮ್ಮೆ ಅಳೆಸಿರಿ. ಆ ಎರಡು ಹಾಳೆಗಳನ್ನು ಹೋಲಿಸಿದಲ್ಲದೆ ಈ ಶತ್ರುವಿನ ಹೆಜ್ಜೆ ಗೊತ್ತಾಗುವುದಿಲ್ಲ.